ಆ ಮೀನನ್ನು ರಾಕ್ಷಸ ಅನ್ನಬೇಡ

ತೀರ್ಥಹಳ್ಳಿ

ಪ್ರೀತಿಯ ತಮ್ಮಾ,

ಅಂಟಾರ್ಕ್ಟಿಕ್ ಟೂತ್‌ಫಿಶ್ ಬಗ್ಗೆ ನೀನು ಬರೆದದ್ದನ್ನು ಓದಿದೆ. ಶಿವಮೊಗ್ಗದಲ್ಲಿ ಕೂತು ದಕ್ಷಿಣ ಧ್ರುವದ ಮೀನಿನ ಬಗ್ಗೆ ಬರೆಯಬೇಕು ಅನ್ನಿಸಿತಲ್ಲ, ಅದೇ ನನಗೆ ಖುಷಿ. ಮಲೆನಾಡಿನವರು ಅಡಿಕೆ, ಮಳೆ, ಮಂಜಿನ ಬಗ್ಗೆ ಮಾತ್ರ ಬರೆಯಬೇಕು ಅಂತ ಏನಿಲ್ಲ.

ಆದರೆ ಲೇಖನದ ಅರ್ಧ ಭಾಗ ಆ ಮೀನಿಗೆ ಹೆದರುವುದರಲ್ಲೇ ಕಳೆದುಹೋಗಿದೆ. 'ಪಾತಾಳದ ರಾಕ್ಷಸ', 'ಭೀಕರ ಬೇಟೆಗಾರ', 'ಊಹಿಸಲಾಗದ ಚಳಿ'. ಇಷ್ಟೆಲ್ಲ ಓದಿದರೂ ನನಗೆ ಮೀನು ಕಾಣಲಿಲ್ಲ. ಮುಂಗಾರು ಶುರುವಾದಾಗ ಹತ್ಮೀನು ಹಿಡಿಯಲು ಕೂಣಿ ಒಡ್ಡುವವರ ಮಾತು ಕೇಳಿದ್ದೀಯಲ್ಲ? ನೀರು ಯಾವ ಕಡೆಯಿಂದ ಬರುತ್ತೆ, ಮೀನು ಯಾವ ಹಳ್ಳದಿಂದ ಯಾವ ಗದ್ದೆಗೆ ಹತ್ತುತ್ತೆ, ಎಷ್ಟು ಹೊತ್ತಿಗೆ ಹತ್ತುತ್ತೆ. ಅವರು ಹೇಳುವುದು ಇಷ್ಟೇ. ಕೇಳಿದವರಿಗೆ ಮೀನು ಕಣ್ಣಿಗೆ ಕಟ್ಟುತ್ತದೆ. ನೀನೂ ಹಾಗೆ ಹೇಳು. ಅದು ಹೇಗೆ ಬದುಕುತ್ತದೆ ಅನ್ನುವುದನ್ನು ಒಂದೊಂದಾಗಿ ಬಿಡಿಸಿಡು.

ಚಳಿಯಿಂದಲೇ ಶುರು ಮಾಡು. ಉಪ್ಪುನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.9 ಡಿಗ್ರಿಗೆ. ಬೇರೆ ಕಡಲ ಮೀನುಗಳ ರಕ್ತ ಮೈನಸ್ 0.8ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿಬಿಡುತ್ತದೆ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಸುಮ್ನೆ ಬಿಡು. ಹಾಗಾದರೆ ಈ ಮೀನು ಹೇಗೆ ಬದುಕಿದೆ ಅಂತ ಓದುವವನೇ ಕೇಳಿಕೊಳ್ಳುತ್ತಾನೆ. ಆಮೇಲೆ ಉತ್ತರ ಕೊಡು. ಅದರ ರಕ್ತದಲ್ಲಿ ಒಂದು ವಿಶೇಷ ಪ್ರೋಟೀನ್ ಇದೆ. ಮೈಯೊಳಗೆ ಹೊಕ್ಕ ಮಂಜಿನ ಹರಳಿಗೆ ಅದು ಅಂಟಿಕೊಳ್ಳುತ್ತದೆ, ಹರಳು ಬೆಳೆಯದಂತೆ ತಡೆಯುತ್ತದೆ. ಅಂಟಾರ್ಕ್ಟಿಕಾದ ಮೀನುಗಳಲ್ಲಿ ಇದನ್ನು 1960ರ ದಶಕದಲ್ಲಿ ಪತ್ತೆ ಮಾಡಿದವರು ಅಮೆರಿಕದ ವಿಜ್ಞಾನಿ ಆರ್ಥರ್ ಡಿವ್ರೀಸ್. ಈ ಪ್ರೋಟೀನಿನ ಜೀನ್ ಎಲ್ಲಿಂದ ಬಂತು ಅನ್ನುವುದು 1997ರಲ್ಲಿ ತಿಳಿಯಿತು. ಮೇದೋಜೀರಕ ಗ್ರಂಥಿಯಲ್ಲಿ ಆಹಾರ ಜೀರ್ಣಿಸಲು ಬೇಕಾದ ಕಿಣ್ವವನ್ನು ಮಾಡುವ ಒಂದು ಜೀನ್ ಬದಲಾಗುತ್ತಾ ಹೋಗಿ ಈ ಕೆಲಸಕ್ಕೆ ಬಂದಿದೆ! ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ನೀನು ಇದಕ್ಕೆ ಒಂದೇ ಒಂದು ಸಾಲು ಕೊಟ್ಟಿದ್ದೀಯ. ಎರಡು ಪುಟ ಕೊಡು.

ಅದು ಹೇಗೆ ಈಜುತ್ತದೆ ಅನ್ನುವುದನ್ನೂ ಬರೆಯದೆ ಬಿಟ್ಟಿದ್ದೀಯ. ಮೀನನ್ನು ನೀರಲ್ಲಿ ತೇಲಿಸುವ ಗಾಳಿಚೀಲವೇ ಅದಕ್ಕಿಲ್ಲ. ಆದರೂ ದೊಡ್ಡ ಮೀನು ತಳಕ್ಕೆ ಇಳಿದುಹೋಗದೆ ನಡುನೀರಲ್ಲಿ ನಿಲ್ಲುತ್ತದೆ. ಮೂಳೆ ಹಗುರ, ಮೈಯಲ್ಲಿ ಕೊಬ್ಬು ಜಾಸ್ತಿ, ಅದಕ್ಕೇ. 100 ಕಿಲೋ ದಾಟುವ ಮೀನಿನ ವಿಷಯ ಇದು. ಅದು ಬೇರೆ ಮೀನು, ಸ್ಕ್ವಿಡ್ ತಿನ್ನುತ್ತದೆ ಅಂತ ಬರೆದದ್ದು ಸರಿ. ಅದನ್ನೂ ತಿನ್ನುವವರಿದ್ದಾರೆ ಅಂತ ಸೇರಿಸು: ವೆಡೆಲ್ ಸೀಲ್, ಓರ್ಕಾ, ಸ್ಪರ್ಮ್ ತಿಮಿಂಗಿಲ. ಬೇಟೆಯಾಡುವ ಜೀವ ತಾನೂ ಬೇಟೆಯಾಗುತ್ತದೆ ಅಂದಮೇಲೆ 'ರಾಕ್ಷಸ' ಅನ್ನುವ ಮಾತು ಉಳಿಯುತ್ತದಾ?

ನೀನು ಪೂರ್ತಿ ಬಿಟ್ಟಿರುವ ವಿಷಯವೊಂದಿದೆ. ಗಂಡು ಮೀನು ಮರಿ ಮಾಡುವಷ್ಟು ಬೆಳೆಯಲು ಸುಮಾರು 13 ವರ್ಷ ಬೇಕು, ಹೆಣ್ಣಿಗೆ 17ರ ಹತ್ತಿರ. ಇಷ್ಟು ನಿಧಾನವಾಗಿ ಬೆಳೆಯುವ ಮೀನನ್ನು ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ 1990ರ ದಶಕದಿಂದ ವ್ಯಾಪಾರಕ್ಕಾಗಿ ಹಿಡಿಯುತ್ತಿದ್ದಾರೆ. 'ಚಿಲಿಯನ್ ಸೀ ಬಾಸ್' ಅಂತ ದುಬಾರಿ ಹೋಟೆಲುಗಳಲ್ಲಿ ಬಡಿಸುವುದರಲ್ಲಿ ಇದೂ ಸೇರಿದೆ. ಯಾರಿಗೆ ಯಾರು ಭೀಕರ, ನೀನೇ ಯೋಚಿಸು.

2016ರಲ್ಲಿ 24 ದೇಶಗಳು ಮತ್ತು ಯುರೋಪಿಯನ್ ಒಕ್ಕೂಟ ಸೇರಿ ರಾಸ್ ಸಮುದ್ರದಲ್ಲಿ 15.5 ಲಕ್ಷ ಚದರ ಕಿಲೋಮೀಟರ್ ಕಡಲನ್ನು ರಕ್ಷಿತ ಪ್ರದೇಶ ಮಾಡಲು ಒಪ್ಪಿದವು. 2017ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು. ಕರ್ನಾಟಕದಂಥ ಎಂಟು ರಾಜ್ಯ ಹಿಡಿಸುವಷ್ಟು ಜಾಗ. ಒಪ್ಪಿದ ದೇಶಗಳಲ್ಲಿ ಭಾರತವೂ ಇತ್ತು. ಆ ಮೀನಿನ ಬಗ್ಗೆ ನಮಗೂ ಹೊಣೆ ಇದೆ ಅಂತಾಯ್ತು, ಅಲ್ವಾ? ಇದನ್ನು ಹೇಳದೆ ತುಂಗೆಯ ದಡದ ಚಿಪ್ಪಲಗುಡ್ಡೆಯ ಮತ್ಸ್ಯಧಾಮಕ್ಕೆ ಹೋಲಿಸಿ ಮುಗಿಸಿದ್ದೀಯ. ಆ ಹೋಲಿಕೆ ತೆಗೆದುಬಿಡು. ತುಂಗೆಯ ಮೀನನ್ನು ನಾವು ದಡದಲ್ಲಿ ನಿಂತು ನೋಡುತ್ತೇವೆ. ಟೂತ್‌ಫಿಶ್ 2,000 ಮೀಟರ್ ಆಳದಲ್ಲೂ ಇರುತ್ತದೆ. ನಾವು ಎಂದೂ ನೋಡದ ಮೀನಿಗಾಗಿ ಇಷ್ಟು ದೇಶಗಳು ಒಪ್ಪಿಕೊಂಡವು ಅನ್ನುವುದೇ ಇಲ್ಲಿ ದೊಡ್ಡದು.

ಮತ್ತೊಮ್ಮೆ ಬರೆದು ಕಳಿಸು, ಅವಸರ ಬೇಡ. ಮೀನುಗಾರಿಕೆಯ ಭಾಗ ಉದ್ದವಾದರೂ ಪರವಾಗಿಲ್ಲ, ನಾನು ಪೂರ್ತಿ ಓದುತ್ತೇನೆ. ಅಂಕಿಗಳನ್ನು ಮಾತ್ರ ಇನ್ನೊಮ್ಮೆ ನೋಡಿಕೋ.

ಪ್ರೀತಿಯಿಂದ,
ನಿನ್ನ ಅಣ್ಣ