ನಿನ್ನ ಗೆಳೆಯನ ವಿಷಯ

ಪ್ರೀತಿಯ ಮಗೂ,

ನಿನ್ನ ಮೆಸೇಜ್ ಎರಡೆರಡು ಸಲ ಓದಿದೆ. ಯೂತ್ ಮೀಟಿಂಗಿನಲ್ಲಿ ನಿನ್ನ ಪಕ್ಕ ಕೂತು ಗಿಟಾರ್ ನುಡಿಸುತ್ತಿದ್ದ ಹುಡುಗ ಈಗ ಪ್ರೊಫೈಲಿಗೆ ಕ್ರುಸೇಡ್ (ಮಧ್ಯಯುಗದಲ್ಲಿ ಜೆರೂಸಲೇಮಿಗಾಗಿ ಕ್ರೈಸ್ತರು ಹೂಡಿದ ಧರ್ಮಯುದ್ಧ) ಯೋಧನ ಚಿತ್ರ ಹಾಕಿಕೊಂಡು, ಯೆಹೂದಿಗಳನ್ನು, ಮುಸ್ಲಿಮರನ್ನು, ವಲಸೆ ಬಂದವರನ್ನು ಬಾಯಿಗೆ ಬಂದಂತೆ ಬೈದು ಕೊನೆಗೆ ಯೇಸುವಿನ ಹೆಸರು ಸೇರಿಸುತ್ತಾನೆ ಅಂದೆ. ಬ್ಲಾಕ್ ಮಾಡಲಾ, ಇಲ್ಲ ಗ್ರೂಪಿನಲ್ಲೇ ಝಾಡಿಸಲಾ ಅಂತ ಕೇಳಿದ್ದೀಯ. ಎರಡೂ ಬೇಡ ಕಣೋ.

ಝಾಡಿಸುವ ಕೆಲಸ ನಾನು ಮಾಡಿ ನೋಡಿದ್ದೇನೆ. ನಮ್ಮ ಪ್ರಾರ್ಥನಾ ಗುಂಪಿನ ಒಬ್ಬ ಗೆಳತಿ ಇಂಥದೇ ವಿಡಿಯೋಗಳಿಗೆ ಬಿದ್ದಿದ್ದಳು. ಅವಳು ಕಳಿಸಿದ್ದು ಸುಳ್ಳು ಅಂತ ಎಲ್ಲರೆದುರು ಒಂದೊಂದಾಗಿ ತೋರಿಸಿದೆ. ನಾಲ್ಕು ಜನ ನಕ್ಕರು. ಅವಳು ಅವತ್ತೇ ರಾತ್ರಿ ಗ್ರೂಪ್ ಬಿಟ್ಟಳು, ಆಮೇಲೆ ಅವಳ ಹತ್ತಿರ ಮಾತಾಡಲು ಉಳಿದವರು ಆ ವಿಡಿಯೋದವರು ಮಾತ್ರ. ನಾನು ಹೇಳಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಅದು ಅವಳಿಗೆ ಏನು ಉಪಯೋಗವಾಯಿತು?

ಯಾರೂ ಸುಮ್ನೆ ಇಂಥ ದ್ವೇಷದ ಗುಂಪುಗಳಿಗೆ ಹೋಗುವುದಿಲ್ಲ. ಹೆಚ್ಚಿನ ಸಲ ಶುರುವಾಗುವುದು ಒಂದು ಜೋಕಿನಿಂದ. ‘ತಮಾಷೆಗೆ ಹಾಕಿದ್ದು’ ಅನ್ನುತ್ತಾರೆ, ನೀನು ನಕ್ಕರೆ ಮುಂದಿನದು ಇನ್ನೂ ಒರಟಾಗಿರುತ್ತದೆ. ಕೆಲಸ ಸಿಗದವನಿಗೆ, ಒಂಟಿಯಾದವನಿಗೆ, ಮನೆಯಲ್ಲಿ ಸಾವಾದವನಿಗೆ ರಾತ್ರಿ ಎರಡು ಗಂಟೆಗೂ ಉತ್ತರ ಕೊಡುವವರು ಅಲ್ಲಿರುತ್ತಾರೆ, ನೀನು ಸೈನಿಕ, ಯುದ್ಧದಲ್ಲಿದ್ದೀಯ ಅಂತ ಬೆನ್ನು ತಟ್ಟುತ್ತಾರೆ. ನಾವೇನು ಕೊಟ್ಟಿದ್ದೆವು ಅವನಿಗೆ? ಆರಾಧನೆ ಮುಗಿದ ಮೇಲೆ ಕುರ್ಚಿ ಜೋಡಿಸುವ ಕೆಲಸ. (ಚರ್ಚಿನ ಹಿರಿಯರು ಇದನ್ನು ಓದಿದರೆ ಓದಲಿ.)

ಹಾಗಂತ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡ. ಒಂದು ಸಲ, ಒಬ್ಬನೇ ಇದ್ದಾಗ, ಇದು ನನಗೆ ಸರಿ ಕಾಣುವುದಿಲ್ಲ ಅಂತ ಸ್ಪಷ್ಟವಾಗಿ ಹೇಳು. ಜೋಕಿಗೆ ನಗಬೇಡ. ಆಮೇಲೆ ಕೇಳು: ಯಾವ ವಿಡಿಯೋ ನಿನಗೆ ಜಾಸ್ತಿ ಹಿಡಿಸಿತು, ಒಂದು ತೋರಿಸು. ಜೊತೆಗೆ ಕೂತು ನೋಡು. ಅದನ್ನು ಮಾಡಿದವನಿಗೆ ಇದರಿಂದ ಸಿಗುವುದು ಏನು, ಹಣವಾ, ಹಿಂಬಾಲಕರಾ ಅಂತ ಅವನ ಬಾಯಿಂದಲೇ ಬರಲಿ.

ಕ್ರುಸೇಡ್ ವಿಷಯ ಅವನೇ ಎತ್ತಿದರೆ ಒಳ್ಳೆಯದೇ. 1095ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟಿನಲ್ಲಿ ಪೋಪ್ ಎರಡನೇ ಅರ್ಬನ್ ಮೊದಲ ಕ್ರುಸೇಡಿಗೆ ಕರೆ ಕೊಟ್ಟದ್ದು ಅವನಿಗೆ ಗೊತ್ತಿರುತ್ತದೆ, ‘ಇದು ದೇವರ ಇಚ್ಛೆ’ ಅನ್ನುವ ಘೋಷಣೆಯೂ ಬಾಯಿಪಾಠ ಇರುತ್ತದೆ. ಮರುವರ್ಷದ್ದು ಗೊತ್ತಾ ಅಂತ ಕೇಳು. 1096ರಲ್ಲಿ ಜೆರೂಸಲೇಮಿಗೆ ಹೊರಟ ಗುಂಪುಗಳು ದಾರಿಯಲ್ಲೇ, ಜರ್ಮನಿಯ ರೈನ್ ನದಿಯ ಪಟ್ಟಣಗಳಾದ ವರ್ಮ್ಸ್ ಮತ್ತು ಮೈಂಟ್ಸ್‌ನಲ್ಲಿ ನೂರಾರು ಯೆಹೂದಿಗಳನ್ನು ಕೊಂದವು. ಅದೇ ಹೊತ್ತಿಗೆ ಸ್ಪೇಯರ್‌ನ ಬಿಷಪ್ ಯೋಹಾನ್ ತನ್ನ ಊರಿನ ಯೆಹೂದಿಗಳಿಗೆ ಆಸರೆ ಕೊಟ್ಟು ಹೆಚ್ಚಿನವರ ಜೀವ ಉಳಿಸಿದ. ಅವನೂ ಕ್ರೈಸ್ತನೇ. ಪ್ರೊಫೈಲಿಗೆ ಯಾರ ಚಿತ್ರ ಹಾಕಬೇಕು ಅಂತ ಗೆಳೆಯ ಯೋಚಿಸಲಿ. ಯೇಸು, ಮರಿಯ, ಪೌಲ ಎಲ್ಲರೂ ಯೆಹೂದಿಗಳೇ ಅಲ್ವಾ? ಈ ಮಾತು ಕೇಳಿ ಅವನಿಗೆ ಇರುಸುಮುರುಸಾದರೆ, ಅವನು ಓದುತ್ತಿರುವುದು ಬೈಬಲ್ ಅಲ್ಲ ಅಂತ ತಿಳಿದುಕೋ.

ಇನ್ನೊಂದು. ಹಿಂದಿರುಗಲು ಅವನಿಗೆ ಬಾಗಿಲು ತೆರೆದಿರಬೇಕು. ಜರ್ಮನಿಯ ಪಾಸ್ಟರ್ ಮಾರ್ಟಿನ್ ನೀಮೊಲರ್ ಮೊದಲು ಹಿಟ್ಲರನ ಬೆಂಬಲಿಗ. ಆಮೇಲೆ ಎದುರು ನಿಂತು 1937ರಿಂದ 1945ರವರೆಗೆ ಸೆರೆಯಲ್ಲಿದ್ದ, ಹೊರಬಂದ ಮೇಲೆ ತನ್ನ ತಪ್ಪನ್ನೂ ಒಪ್ಪಿಕೊಂಡ. ಪಾಸ್ಟರೇ ಎಡವಿದ್ದರು ಅಂದಮೇಲೆ ನಮ್ಮ ಹುಡುಗ ಯಾವ ಲೆಕ್ಕ. ‘ನಾನು ಮೊದಲೇ ಹೇಳಿರಲಿಲ್ವಾ’ ಅನ್ನುವ ಮಾತು ಮಾತ್ರ ಯಾವತ್ತೂ ನಿನ್ನ ಬಾಯಿಂದ ಬರಬಾರದು.

ಆದರೆ ಕೊಲೆಗಾರರನ್ನು ಹೊಗಳಲು ಶುರುಮಾಡಿದರೆ, ಆಯುಧದ ಮಾತು ಬಂದರೆ, ಒಂದು ಜಾಗದ ಹೆಸರೋ ದಿನವೋ ಹೇಳಿದರೆ, ಅಲ್ಲಿಗೆ ಗುಟ್ಟು ಕಾಪಾಡುವುದು ಮುಗಿಯಿತು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ಇಂಥ ಆನ್‌ಲೈನ್ ಲೋಕದಿಂದಲೇ ಎದ್ದು ಬಂದವನು, ದಾಳಿಯನ್ನೂ ನೇರಪ್ರಸಾರ ಮಾಡಿದ. ನಿನ್ನ ಗೆಳೆಯ ಅಂಥ ಮಾತಾಡಿದರೆ ಅವನ ಮನೆಯವರಿಗೆ, ಪೊಲೀಸರಿಗೆ ಹೇಳು. ಅದು ದ್ರೋಹವಲ್ಲ. ಅವನು ಯಾರನ್ನು ಬೈಯುತ್ತಾನೋ ಅವರನ್ನೇ ಕರೆತಂದು ಎದುರು ಕೂರಿಸುವ ಸಾಹಸವೂ ಬೇಡ, ಅವರಾಗಿ ಒಪ್ಪಿದರೆ ಬೇರೆ ಮಾತು. ಪಾಸ್ಟರಿಗೆ ತಿಳಿಸಬಹುದು, ಅವರೇ ಅಂಥ ವಿಡಿಯೋ ಫಾರ್ವರ್ಡ್ ಮಾಡುವವರಲ್ಲದಿದ್ದರೆ!

ನೀನೊಬ್ಬನೇ ಅವನನ್ನು ಎಳೆದು ತರುತ್ತೀಯ ಅಂತ ನಾನು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಹಿಡಿಯಬಹುದು. ಮಧ್ಯೆ ನಿನಗೇ ಸಾಕುಸಾಕಾದರೆ ಒಂದು ವಾರ ಬಿಡು, ಆದರೆ ಬಿಡುವ ಮುಂಚೆ ಮುಂದಿನ ವಾರ ಸಿಗೋಣ ಅಂತ ಹೇಳಿ ಬಿಡು.

ಈ ಶನಿವಾರ ಅವನನ್ನು ಕರೆ. ಮೊದಲ ದಿನವೇ ಈ ವಿಷಯ ಎತ್ತಬೇಡ, ಗಿಟಾರ್ ತಗೊಂಡು ಬಾ ಅನ್ನು ಸಾಕು. ಬಂದನಾ ಇಲ್ವಾ ಅಂತ ರಾತ್ರಿ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಅತ್ತೆ