ನಾಟಿ ಮದ್ದಿನ ಪರೀಕ್ಷೆ ಪ್ರಾಣಿಗಳಲ್ಲೂ ನಡೆಯಲಿ

ಸಂಪಾದಕರಿಗೆ,

ಮಾನ್ಯರೇ,

ದನಕರು, ಕುರಿ, ಮೇಕೆಗಳ ಜಂತುಹುಳುವಿಗೆ ಇಂಥ ಗಿಡದ ಸಾರ ರಾಮಬಾಣವೆಂದು ಪ್ರಯೋಗಾಲಯದಲ್ಲಿ ರುಜುವಾಯಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಇಂಥ ಸಂಶೋಧನೆ ಇನ್ನಷ್ಟು ನಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ಬಹುಪಾಲು ಗಾಜಿನ ತಟ್ಟೆಯಿಂದ ಆಚೆಗೆ ಹೋಗುವುದೇ ಇಲ್ಲ ಎಂಬುದು ಚಿಂತೆಯ ವಿಷಯ.

ಹೊಸ ಮದ್ದು ತುರ್ತಾಗಿ ಬೇಕಾಗಿದೆ. ಕುರಿ-ಮೇಕೆಗಳ ನಾಲ್ಕನೆಯ ಹೊಟ್ಟೆಯಲ್ಲಿ ನೆಲೆಸಿ ರಕ್ತ ಹೀರುವ ಹೀಮಾಂಕಸ್ ಹುಳುವಿನ ಒಂದು ಹೆಣ್ಣು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡು, ದವಡೆಯ ಕೆಳಗೆ ನೀರು ತುಂಬಿ ಬಾತುಕೊಳ್ಳುವ ಹೊತ್ತಿಗೆ ಪ್ರಾಣಿ ಬಹಳಷ್ಟು ರಕ್ತ ಕಳೆದುಕೊಂಡಿರುತ್ತದೆ. 1961ರಲ್ಲಿ ಬಳಕೆಗೆ ಬಂದ ಜಂತುನಾಶಕ ಥಯಾಬೆಂಡಜೋಲ್‌ಗೆ ಜಗ್ಗದ ಹುಳುಗಳು ಕೆಲವೇ ವರ್ಷಗಳಲ್ಲಿ ಕಾಣಿಸಿಕೊಂಡವು. ಆನಂತರದ ಐವರ್‌ಮೆಕ್ಟಿನ್‌ಗೂ ಅದೇ ಗತಿಯಾಯಿತು.

ತಟ್ಟೆಯಲ್ಲಿ ಹುಳುವಿನ ಮೊಟ್ಟೆ ಒಡೆದು ಮರಿ ಹೊರಬರದಂತೆ ತಡೆದ ಸಾರ, ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿರುವ ಲೀಟರ್‌ಗಟ್ಟಲೆ ದ್ರವದಲ್ಲಿ ಬೆರೆತು, ಅಲ್ಲಿನ ಸೂಕ್ಷ್ಮಜೀವಿಗಳಿಂದ ರೂಪಾಂತರಗೊಂಡ ಮೇಲೂ ಅದೇ ಕೆಲಸ ಮಾಡುತ್ತದೆಂದು ಹೇಳಲಾಗದು. ಸಾಲದ್ದಕ್ಕೆ, ನಾಟಿ ವೈದ್ಯರು ಅರೆದು ಅಥವಾ ನೀರಿನಲ್ಲಿ ಕುದಿಸಿ ಕುಡಿಸುವ ಸೊಪ್ಪನ್ನು ಪ್ರಯೋಗಾಲಯದಲ್ಲಿ ರಾಸಾಯನಿಕ ದ್ರಾವಕವಾದ ಮೆಥನಾಲ್‌ನಲ್ಲಿ ನೆನೆಸಿ ಪರೀಕ್ಷಿಸಿದರೆ, ಆ ಎರಡೂ ಒಂದೇ ಮದ್ದಾಗುವುದಿಲ್ಲ. ಮಲೇರಿಯಾಕ್ಕೆ ಗಿಡದಿಂದ ಆರ್ಟೆಮಿಸಿನಿನ್ ಎಂಬ ಮದ್ದು ಕಂಡುಹಿಡಿದು 2015ರ ನೊಬೆಲ್ ಪಡೆದ ಚೀನಾದ ತು ಯೂಯೂ ಅವರಿಗೆ ದಾರಿ ತೋರಿದ್ದು, ಗಿಡವನ್ನು ಕುದಿಸದೆ ನೆನೆಸಿ ಹಿಂಡಬೇಕೆಂಬ ಪುರಾತನ ವೈದ್ಯರ ಸೂಚನೆ. ಮದ್ದು ತಯಾರಿಸುವ ಕ್ರಮವನ್ನೂ ಅಷ್ಟೇ ನಿಷ್ಠೆಯಿಂದ ದಾಖಲಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪ್ರಾಣಿಗಳಲ್ಲಿ ಮೊದಲ ಹಂತದ ಪರೀಕ್ಷೆ ದುಬಾರಿಯೂ ಅಲ್ಲ. ಹಿಕ್ಕೆಯನ್ನು ದಟ್ಟ ಉಪ್ಪುನೀರಿನಲ್ಲಿ ಕದಡಿ ಸೋಸಿದರೆ ಮೊಟ್ಟೆಗಳು ಮೇಲೆ ತೇಲುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವನ್ನು ಎಣಿಸಬಹುದು. ಮದ್ದು ಕೊಡುವ ಮುನ್ನ ಒಮ್ಮೆ, ಎರಡು ವಾರದ ಬಳಿಕ ಇನ್ನೊಮ್ಮೆ ಎಣಿಸಿ, ಮದ್ದು ಕೊಡದ ಗುಂಪಿನೊಡನೆ ಹೋಲಿಸಬೇಕು. ಜೊತೆಗೆ ವಿಷದ ಪರೀಕ್ಷೆಯೂ ಆಗಲೇಬೇಕು. ಯುರೋಪಿನಲ್ಲಿ ಲಾಡಿಹುಳುವಿಗೆ ಬಹುಕಾಲ ಬಳಸಿದ ಮೇಲ್ ಫರ್ನ್ ಎಂಬ ಜರೀಗಿಡವನ್ನು ತಿಂದು ದನಗಳು ಕುರುಡಾದದ್ದುಂಟು. ಹಾಲಿನಲ್ಲಿ, ಮಾಂಸದಲ್ಲಿ ಮದ್ದಿನ ಅಂಶ ಎಷ್ಟು ದಿನ ಉಳಿಯುತ್ತದೆಂಬುದೂ ತಿಳಿಯಬೇಕು.

ಆದ್ದರಿಂದ ಇಂಥ ಸುದ್ದಿ ಪ್ರಕಟಿಸುವಾಗ, ಮದ್ದನ್ನು ಯಾವ ಪ್ರಾಣಿಗೆ, ಯಾವ ರೂಪದಲ್ಲಿ, ಎಷ್ಟು ಪ್ರಮಾಣದಲ್ಲಿ ಕೊಡಲಾಯಿತು, ಅಥವಾ ಇನ್ನೂ ಕೊಟ್ಟೇ ಇಲ್ಲವೇ ಎಂಬುದನ್ನು ತಪ್ಪದೆ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಪಶುವೈದ್ಯ