ನೇಪಾಳದ ‘ರಜೆ ಮತ್ತು ಸೇವೆ’ ಪ್ಯಾಕೇಜ್ ಬಗ್ಗೆ ದೂರು

ದಾವಣಗೆರೆ
14 ಜೂನ್ 2021

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ವಿಷಯ: ಮೇ 1ರಿಂದ 14ರವರೆಗಿನ ನೇಪಾಳ ಪ್ಯಾಕೇಜಿನ ಹಣ ವಾಪಸು ಮಾಡುವ ಬಗ್ಗೆ, ಹಾಗೂ ನಿಮ್ಮವರು ಕೊಟ್ಟ ಸುಳ್ಳು ಮಾಹಿತಿಯ ಬಗ್ಗೆ

ಮಾನ್ಯರೇ,

ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಫೆಬ್ರವರಿಯಲ್ಲಿ ನನಗೂ ನನ್ನ ಮಗಳಿಗೂ ಸೇರಿ ನಿಮಗೆ 1,16,000 ರೂಪಾಯಿ ಕಟ್ಟಿದ್ದೆ. ಒಂದು ವಾರ ಸಿಂಧುಪಾಲ್ಚೋಕ್ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಪಾಠ, ಆಮೇಲೆ ಪೋಖರಾ, ಚಿತ್ವನ್ ನೋಡಿಕೊಂಡು ಬರುವುದು. 2015ರ ಭೂಕಂಪದಲ್ಲಿ ಅತಿ ಹೆಚ್ಚು ಜನ ಸತ್ತ ಜಿಲ್ಲೆ ಅದು. ಅದಕ್ಕೇ ಅದನ್ನು ಆರಿಸಿಕೊಂಡೆ. ಕಟ್ಟಿದ ಹಣದಲ್ಲಿ 24,000 ರೂಪಾಯಿ ‘ಶಾಲೆಗೆ ದೇಣಿಗೆ’ ಎಂದು ನಿಮ್ಮ ರಸೀದಿಯಲ್ಲೇ ಬರೆದಿದೆ.

ಪ್ರವಾಸ ನಡೆಯಲಿಲ್ಲ. ನಾಲ್ಕು ಮೇಲ್ ಹಾಕಿದ ಮೇಲೆ ಒಂದು ವರ್ಷದ ಕ್ರೆಡಿಟ್ ವೋಚರ್ ಕಳಿಸಿದ್ದೀರಿ. ಅದು ನನಗೆ ಬೇಡ.

ಫೆಬ್ರವರಿಯಲ್ಲಿ ಕೊರೊನಾ ಕೇಸ್ ಕಮ್ಮಿ ಇದ್ದವು, ನಾನೂ ಧೈರ್ಯ ಮಾಡಿದೆ. ಅದರಲ್ಲಿ ನಿಮ್ಮ ತಪ್ಪಿಲ್ಲ. ನನ್ನ ದೂರು ಇರುವುದು ಏಪ್ರಿಲ್‌ನಲ್ಲಿ ನಡೆದದ್ದರ ಬಗ್ಗೆ.

ಏಪ್ರಿಲ್ 20ರಂದು ನಾನೇ ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಬೆಡ್ ಸಿಗದೆ ಜನ ಪರದಾಡುತ್ತಿದ್ದರು. ಹೋಗುವುದು ಸರಿಯಾ ಎಂದು ಕೇಳಿದೆ. ‘ನೇಪಾಳದಲ್ಲಿ ಎಲ್ಲ ನಾರ್ಮಲ್ ಮೇಡಂ. ಶಾಲೆ ನಡೀತಿದೆ, ಮಕ್ಕಳು ನಿಮಗೋಸ್ಕರ ಕಾಯ್ತಿದ್ದಾರೆ. ನಮಗೆ ವೀಸಾನೂ ಬೇಡ, ಟೆಸ್ಟ್ ನೆಗೆಟಿವ್ ಇದ್ರೆ ಆಯ್ತು’ ಎಂದರು ನಿಮ್ಮ ಸಿಬ್ಬಂದಿ. ನನಗೆ ಒಂದೇ ಡೋಸ್ ಲಸಿಕೆ ಆಗಿತ್ತು. ಮಗಳಿಗೆ 21 ವರ್ಷ, ಅವಳಿಗೆ ಆಗ ಲಸಿಕೆ ಸಿಗುವಂತೆಯೇ ಇರಲಿಲ್ಲ. ಅದನ್ನು ಅವರು ಕೇಳಲೂ ಇಲ್ಲ.

ಮನಸ್ಸು ಒಪ್ಪಲಿಲ್ಲ. ನಿಮ್ಮ ಬ್ರೋಷರ್‌ನ ಫೋಟೋ ಒಂದರಲ್ಲಿ ಶಾಲೆಯ ಬೋರ್ಡ್ ಕಾಣುತ್ತಿತ್ತು. ಅದನ್ನು ದೊಡ್ಡದು ಮಾಡಿ ನೋಡಿದರೆ ಕೆಳಗೆ ಫೋನ್ ನಂಬರ್ ಇತ್ತು. ಕರೆ ಮಾಡಿದೆ. ಮುಖ್ಯೋಪಾಧ್ಯಾಯರೇ ಎತ್ತಿಕೊಂಡರು, ಹಿಂದಿಯಲ್ಲಿ ಮಾತಾಡಿದೆವು. ಶಾಲೆ ಮುಚ್ಚಿದೆ ಎಂದರು. ಮೇನಲ್ಲಿ ಇಬ್ಬರು ಬರುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದೇಣಿಗೆಯೂ ತಲುಪಿರಲಿಲ್ಲ. ಅವರ ಊರಿಂದ ಆಸ್ಪತ್ರೆಗೆ ಮೂರು ಗಂಟೆ ದಾರಿಯಂತೆ. ‘ನಮ್ಮಲ್ಲಿ ವಯಸ್ಸಾದವರು ಜಾಸ್ತಿ ಇದ್ದಾರೆ, ಈಗ ಬರಬೇಡಿ ದೀದಿ’ ಎಂದು ಬಹಳ ಸಂಕೋಚದಿಂದ ಹೇಳಿದರು. ಬರುವವರನ್ನು ಬೇಡ ಎನ್ನಲು ಅವರಿಗೆ ಎಷ್ಟು ಕಷ್ಟವಾಯಿತು ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಈ ಮಾತು ಅವರಿಂದ ಕೇಳಿಸಿಕೊಳ್ಳಬೇಕಾದವರು ನೀವು, ಅಲ್ವಾ?

ಇದನ್ನು ನಿಮ್ಮವರಿಗೆ ತಿಳಿಸಿದಾಗ ಬಂದ ಉತ್ತರ ಇನ್ನೂ ನೋವು ಕೊಟ್ಟಿತು. ಶಾಲೆ ಇಲ್ಲದಿದ್ದರೆ ಕಠ್ಮಂಡುವಿನ ಒಂದು ಅನಾಥಾಲಯದಲ್ಲಿ ವಾರ ಕಳೆಯಬಹುದಂತೆ. ನೇಪಾಳದ ಇಂಥ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಓದಿಸುತ್ತೇವೆಂದು ನಂಬಿಸಿ ಹಳ್ಳಿಯಿಂದ ಕರೆತಂದು, ವಿದೇಶಿಯರ ದುಡ್ಡಿಗಾಗಿ ಇಟ್ಟುಕೊಳ್ಳುವುದೂ ಉಂಟು. ಯುನಿಸೆಫ್ ಈ ಬಗ್ಗೆ ಎಚ್ಚರಿಸಿ ವರ್ಷಗಳಾದವು. ಆಸ್ಟ್ರೇಲಿಯಾ 2018ರಲ್ಲಿ ತನ್ನ ಆಧುನಿಕ ಗುಲಾಮಗಿರಿ ಕಾಯ್ದೆ ತಂದಾಗ ಇಂಥ ಮಕ್ಕಳ ಸಾಗಣೆಯ ವಿಷಯವೂ ಚರ್ಚೆಗೆ ಬಂದಿತ್ತು. ಸೇವಾ ಪ್ರವಾಸ ಮಾರುವವರಿಗೆ ಇದು ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಅದೂ ಸಾಂಕ್ರಾಮಿಕದ ನಡುವೆ, ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳ ನಡುವೆ ವಾರಕ್ಕೊಬ್ಬ ಹೊಸಬರನ್ನು ಬಿಡುವುದು!

ಆಮೇಲೆ ಆದದ್ದು ನಿಮಗೂ ಗೊತ್ತು. ಭಾರತದಲ್ಲಿ ದುಡಿಯುತ್ತಿದ್ದ ನೇಪಾಳಿಗಳು ಗಡಿ ದಾಟಿ ಊರಿಗೆ ಮರಳಿದರು. ಗಡಿ ಬಳಿಯ ನೇಪಾಲ್‌ಗಂಜ್‌ನ ಆಸ್ಪತ್ರೆಗಳು ತುಂಬಿದವು. ಏಪ್ರಿಲ್ 29ಕ್ಕೆ ಕಠ್ಮಂಡು ಕಣಿವೆ ಬಂದ್ ಆಯಿತು, ಮೇ ಮೊದಲ ವಾರದಲ್ಲಿ ವಿಮಾನಗಳೂ ನಿಂತವು. ಆಕ್ಸಿಜನ್‌ಗೆ ಎಷ್ಟು ಬರ ಬಂತೆಂದರೆ, ಎವರೆಸ್ಟ್ ಹತ್ತುವವರಿಗೆ ಖಾಲಿ ಸಿಲಿಂಡರ್ ಬಿಟ್ಟು ಬರಬೇಡಿ, ವಾಪಸು ತನ್ನಿ ಎಂದು ಕೇಳಿಕೊಂಡರು. ಭಾರತದಿಂದ ಲಸಿಕೆ ನಿಂತು, ಮೊದಲ ಡೋಸ್ ಪಡೆದ ಅಲ್ಲಿನ ಹಿರಿಯರು ಎರಡನೆಯದಕ್ಕೆ ಕಾಯುವಂತಾಯಿತು. ನಿಮ್ಮ ಮಾತು ನಂಬಿ ಮೇ 1ರಂದು ನಾವು ಹೊರಟಿದ್ದರೆ, ಬೆಂಗಳೂರು, ದೆಹಲಿ ದಾಟಿ, ಎರಡು ವಿಮಾನಗಳಲ್ಲಿ ಕೂತು, ಆ ಹಳ್ಳಿಗೆ ಏನು ಹೊತ್ತುಕೊಂಡು ಹೋಗುತ್ತಿದ್ದೆವೋ ಎಂದು ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ನನ್ನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಹೈಟಿಯ ಕಥೆ ಅವಳೇ ಹೇಳಿದ್ದು. 2010ರ ಭೂಕಂಪದ ನಂತರ ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದಿಂದ ನದಿಗೆ ಕಾಲರಾ ಸೇರಿ, ಸುಮಾರು 10 ಸಾವಿರ ಜನ ಸತ್ತರು. ಆ ಶಾಂತಿಪಾಲಕರಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಹೋದವರಲ್ಲ.

ನಾನು ಕೇಳುವುದು ಇಷ್ಟು. ದೇಣಿಗೆ ಬಿಟ್ಟು ಉಳಿದ 92,000 ರೂಪಾಯಿ ನನ್ನ ಖಾತೆಗೆ ಬರಬೇಕು. 24,000 ರೂಪಾಯಿ ಆ ಶಾಲೆಗೇ ಹೋಗಬೇಕು, ಮುಖ್ಯೋಪಾಧ್ಯಾಯರು ಕೊಟ್ಟ ರಸೀದಿಯ ಪ್ರತಿ ನನಗೆ ಕಳಿಸಬೇಕು. ಅನಾಥಾಲಯದ ಆಯ್ಕೆಯನ್ನು ನಿಮ್ಮ ಪಟ್ಟಿಯಿಂದ ತೆಗೆಯಬೇಕು. ಮುಂದೆ ಯಾರನ್ನೇ ಕಳಿಸುವ ಮೊದಲು ಆ ಊರಿನವರನ್ನು ಕೇಳಿ, ಅವರ ಒಪ್ಪಿಗೆ ಪತ್ರವನ್ನು ಗ್ರಾಹಕರಿಗೆ ತೋರಿಸಿ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಊರಲ್ಲೇ ದೂರು ಕೊಡಬಹುದು, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ರಸೀದಿ, ಮೇಲ್‌ಗಳು, ಬ್ರೋಷರ್‌ನ ಪ್ರತಿ ಜೊತೆಗಿಟ್ಟಿದ್ದೇನೆ.

ಆ ಮಕ್ಕಳಿಗೆಂದು 40 ಜಾಮಿಟ್ರಿ ಬಾಕ್ಸ್ ಕೊಂಡಿದ್ದೆ. ಶಾಲೆ ತೆರೆದ ಮೇಲೆ ಪಾರ್ಸೆಲ್ ಮಾಡಿ, ಆಗ ಮೊಬೈಲಿನಲ್ಲಿ ಗಣಿತ ಹೇಳಿಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ಅದನ್ನು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ, ಅದರ ಖರ್ಚು ನನ್ನದೇ.

ಇಂತಿ,
ನಿಮ್ಮ ಗ್ರಾಹಕಿ,
ಗಣಿತ ಶಿಕ್ಷಕಿ, ದಾವಣಗೆರೆ